ಅಮ್ಮನ ಪಾತ್ರಕ್ಕೂ ಒಂದು ಕೆಲಸ ಬೇಕು

ನಲವತ್ತು ದಾಟಿದ ಮೇಲೆ ನನಗೆ ಬಂದ ಪಾತ್ರಗಳಲ್ಲಿ ಅಮ್ಮಂದಿರೇ ಜಾಸ್ತಿ. ಹೀರೋಗೆ ಅಮ್ಮ, ಹೀರೋಯಿನ್‌ಗೆ ಅಮ್ಮ, ಒಮ್ಮೊಮ್ಮೆ ನನ್ನದೇ ವಯಸ್ಸಿನ ನಟನಿಗೂ ಅಮ್ಮ. ವಯಸ್ಸಾದವಳಾಗಿ ಕಾಣಿಸಿಕೊಳ್ಳುವುದಕ್ಕೆ ನನ್ನ ತಕರಾರಿಲ್ಲ. ಕಷ್ಟ ಏನಂದರೆ, ಬರೆದವರ ಪ್ರಕಾರ ಈ ಹೆಂಗಸರಿಗೆ ತಮಗಾಗಿ ಏನೂ ಬೇಕಾಗಿರುವುದಿಲ್ಲ. ಮಗ ಬರುತ್ತಾನೆ, ಅಳುತ್ತಾನೆ, ಅಮ್ಮ ನೋಡುತ್ತಾಳೆ. ಮುಗೀತು.

ಹಾಗಾಗಿ ಸ್ಕ್ರಿಪ್ಟ್ ಕೈಗೆ ಬಂದ ಕೂಡಲೇ ನಾನು ಹುಡುಕುವುದು ಒಂದೇ: ಮಗ ಬರುವ ಮೊದಲು ಇವಳು ಏನು ಮಾಡುತ್ತಿದ್ದಳು? ಬಟ್ಟೆ ಮಡಿಸುತ್ತಿದ್ದಳು ಅಂದುಕೊಳ್ಳಿ. ಅವನು ಕೆಟ್ಟ ಸುದ್ದಿ ಹೇಳುವಾಗ ಅವಳು ಮಡಿಸುವುದನ್ನು ನಿಲ್ಲಿಸುವುದಿಲ್ಲ, ಆದರೆ ಮಡಿಸಿಟ್ಟ ಅಂಗಿಯನ್ನೇ ಬಿಚ್ಚಿ ಮತ್ತೆ ಮಡಿಸುತ್ತಾಳೆ. ಅಷ್ಟು ಸಾಕು. ಮುಖ ಕಿವುಚಬೇಕಾಗಿಲ್ಲ. ಇದರಲ್ಲಿ ತಲೆನೋವು ಕಂಟಿನ್ಯುಟಿಯದು. ಯಾವ ಮಾತಿಗೆ ಯಾವ ಕೈ ಎಲ್ಲಿತ್ತು ಅನ್ನುವುದು, ಇಡೀ ಸೀನನ್ನು ಒಟ್ಟಿಗೆ ತೆಗೆಯುವ ಮಾಸ್ಟರ್ ಶಾಟ್‌ನಲ್ಲೂ ಕ್ಲೋಸಪ್‌ನಲ್ಲೂ ಒಂದೇ ಇರಬೇಕು, ಇಲ್ಲದಿದ್ದರೆ ಎಷ್ಟು ಒಳ್ಳೆಯ ಟೇಕ್ ಆದರೂ ಎಡಿಟಿಂಗ್‌ನಲ್ಲಿ ಬಿಟ್ಟುಬಿಡುತ್ತಾರೆ. ಅದಕ್ಕೇ ರಿಹರ್ಸಲ್‌ನಲ್ಲೇ ಕೈಯ ಕೆಲಸವನ್ನು ಮಾತಿಗೆ ಕಟ್ಟಿಬಿಡುತ್ತೇನೆ.

ಹೀಗೆ ಕಟ್ಟಿದರೆ ಡೈಲಾಗ್ ಕೂಡ ನೆನಪಿರುತ್ತದೆ. ಇಪ್ಪತ್ತರ ವಯಸ್ಸಿನಲ್ಲಿ ಸುಮ್ನೆ ಓದಿದರೆ ಪುಟಗಟ್ಟಲೆ ಬಾಯಿಗೆ ಬರುತ್ತಿತ್ತು, ಈಗ ಬರುವುದಿಲ್ಲ. ನಟರು ಮಾತನ್ನು ಹೇಗೆ ನೆನಪಿಟ್ಟುಕೊಳ್ಳುತ್ತಾರೆ ಅಂತ ಹೆಲ್ಗಾ ನಾಯ್ಸ್ ಮತ್ತು ಟೋನಿ ನಾಯ್ಸ್ ಅನ್ನುವವರು ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ಪಾತ್ರ ಈ ಮಾತನ್ನು ಯಾಕೆ ಆಡುತ್ತಿದೆ ಅಂತ ಕೇಳಿಕೊಂಡು, ಓಡಾಡಿಕೊಂಡು ಹೇಳಿದ ಮಾತು ಉರುಹೊಡೆದ ಮಾತಿಗಿಂತ ಚೆನ್ನಾಗಿ ಉಳಿಯುತ್ತದೆ ಅನ್ನುವುದು ಅವರು ಕಂಡುಕೊಂಡದ್ದು. ವಯಸ್ಸಾದವರಿಗೆ ನಟನೆ ಕಲಿಸಿ ನೋಡಿದಾಗ ಅವರ ನೆನಪಿನ ಶಕ್ತಿಯೂ ಸುಧಾರಿಸಿತಂತೆ. ನಾನು ಮನೆ ಗುಡಿಸುತ್ತಾ ಡೈಲಾಗ್ ಕಲಿಯುವುದಕ್ಕೆ ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಕಾ!

ಎದುರಿನ ಪಾತ್ರದ ಸಾಲುಗಳನ್ನು ಓದುವವಳು ನನ್ನ ಮಗಳು. ಫೋನ್ ನೋಡಿಕೊಂಡು, ಯಾವ ಭಾವವೂ ಇಲ್ಲದೆ, ಕರೆಂಟ್ ಬಿಲ್ ಓದಿದ ಹಾಗೆ ಓದುತ್ತಾಳೆ. ಅದೇ ಒಳ್ಳೆಯದು. ಸೆಟ್‌ನಲ್ಲಿ ಎಷ್ಟೋ ಸಲ ನನ್ನ ಕ್ಲೋಸಪ್ ತೆಗೆಯುವಾಗ ಎದುರಿಗೆ ನಟನೇ ಇರುವುದಿಲ್ಲ, ಅಸಿಸ್ಟೆಂಟ್ ಡೈರೆಕ್ಟರ್ ನಿಂತು ಇದೇ ಧಾಟಿಯಲ್ಲಿ ಓದುತ್ತಾರೆ.

ಮನೆಯವರ ವಿಷಯದಲ್ಲಿ ನನಗೊಂದು ನಿಯಮ ಇದೆ: ಅವರ ದುಃಖವನ್ನು ಸೆಟ್‌ಗೆ ಒಯ್ಯುವುದಿಲ್ಲ. ಅಳುವ ಸೀನ್ ಬಂದರೆ ನಿಮ್ಮ ಬದುಕಿನ ಯಾವುದಾದರೂ ನೋವು ನೆನಪಿಸಿಕೊಳ್ಳಿ ಅಂತ ಹೇಳಿಕೊಡುವವರು ಇದ್ದಾರೆ. ಅಮ್ಮ ತೀರಿಕೊಂಡ ವರ್ಷ ಅದನ್ನು ಮಾಡಿ ನೋಡಿದೆ. ಮೊದಲ ಟೇಕ್‌ಗೆ ಕಣ್ಣೀರು ತಾನಾಗಿ ಬಂತು. ಫೋಕಸ್ ಸರಿಯಿಲ್ಲ ಅಂತ ಇನ್ನೊಂದು, ಹೊರಗಡೆ ಹಾರ್ನ್ ಸದ್ದು ಅಂತ ಮತ್ತೊಂದು. ಕೊನೆಯ ಟೇಕ್ ಹೊತ್ತಿಗೆ ಅಮ್ಮನ ನೆನಪು ಬಂದರೂ ಏನೂ ಆಗಲಿಲ್ಲ, ಕಣ್ಣಿಗೆ ಗ್ಲಿಸರಿನ್ನೇ ಬೇಕಾಯಿತು. ನಾನು ಹೆದರಿದ್ದು ಅಲ್ಲಿ. ಭಾವ ನೆನಪಿಸಿಕೊಳ್ಳುವ ಈ ದಾರಿಯನ್ನು ಹೇಳಿಕೊಟ್ಟ ರಷ್ಯಾದ ರಂಗಗುರು ಸ್ಟಾನಿಸ್ಲಾವ್‌ಸ್ಕಿಯೇ, 1938ರಲ್ಲಿ ತೀರಿಕೊಳ್ಳುವ ಮೊದಲಿನ ವರ್ಷಗಳಲ್ಲಿ, ದೇಹದ ಕ್ರಿಯೆಯಿಂದ ಶುರುಮಾಡಿ ಅನ್ನುವ ಕಡೆಗೆ ವಾಲಿದ್ದರು. ಅಂಗಿ ಮಡಿಸುವುದೇ ವಾಸಿ. ಎಷ್ಟು ಟೇಕ್ ಆದರೂ ಅದು ಸವೆಯುವುದಿಲ್ಲ.

ಆದರೂ ದಿನವಿಡೀ ಅತ್ತರೆ ಅದು ನಟನೆ ಅಂತ ದೇಹಕ್ಕೇನು ಗೊತ್ತು? ಮೈಕೈ ಸುಸ್ತು, ತಲೆ ಭಾರ. ಅದಕ್ಕೆ ಮೇಕಪ್ಪನ್ನು ಸೆಟ್‌ನಲ್ಲೇ ಪೂರ್ತಿ ತೆಗೆದು, ಮುಖ ತೊಳೆದೇ ಮನೆಗೆ ಹೊರಡುತ್ತೇನೆ. ಹೋದ ಮೇಲೆ ಅರ್ಧ ಗಂಟೆ ಯಾರೂ ನನ್ನನ್ನು ಏನೂ ಕೇಳುವ ಹಾಗಿಲ್ಲ. ಗಂಡನಿಗೆ ಇದು ಅರ್ಥವಾಗಲು ವರ್ಷಗಳೇ ಬೇಕಾದವು. ಮನೆಯಲ್ಲಿ ನಿಜವಾಗಿ ಅತ್ತಾಗ ಮಾತ್ರ ಯಾರೂ ನಂಬುವುದಿಲ್ಲ, "ಅಮ್ಮಾ, ಕಟ್!" ಅಂತಾಳೆ ಮಗಳು.

ಇನ್ನು ದೇಹದ ಕಥೆ. ಮುಟ್ಟು ನಿಂತ ಮೇಲೆ ದನಿ ಸ್ವಲ್ಪ ಕೆಳಗಿಳಿಯಿತು, ಗಂಟಲಿನ ತಂತುಗಳು ದಪ್ಪವಾಗುವುದರಿಂದ ಹಾಗಾಗುತ್ತದೆ. ಡಬ್ಬಿಂಗ್‌ನಲ್ಲಿ ನನಗೆ ಅದೇ ಇಷ್ಟವಾಯಿತು. ಇಷ್ಟವಾಗದ್ದು ಮೈ ಇದ್ದಕ್ಕಿದ್ದಂತೆ ಬಿಸಿಯೇರುವುದು, ಅದೂ ದೊಡ್ಡ ಲೈಟುಗಳ ಕೆಳಗೆ. ಫೌಂಡೇಶನ್ ಬೆವರಿಗೆ ಕರಗಿ ಸುಕ್ಕುಗಳಲ್ಲಿ ಹೋಗಿ ಕೂರುತ್ತದೆ. ಈಗ ತೆಳುವಾಗಿ ಹಚ್ಚಿ ಅಂತ ಹೇಳುತ್ತೇನೆ. ಲೈಟ್ ನೇರ ತಲೆಯ ಮೇಲಿದ್ದರೆ ಕಣ್ಣಿನ ಕೆಳಗೆ ಗುಂಡಿ ಬಿದ್ದ ಹಾಗೆ ಕಾಣುತ್ತದೆ, ಪಾತ್ರಕ್ಕೆ ಅದು ಬೇಕಿದ್ದರೆ ಇರಲಿ, ಬೇಡವಾದರೆ ಮುಂದಿನಿಂದ ಮೆತ್ತನೆಯ ಬೆಳಕು ಕೇಳುತ್ತೇನೆ. ಸ್ಕ್ರಿಪ್ಟ್ ದೊಡ್ಡ ಅಕ್ಷರದಲ್ಲಿ ಪ್ರಿಂಟ್ ಹಾಕಿಸಿಕೊಳ್ಳುತ್ತೇನೆ. ಹುಡುಗಿಯಾಗಿದ್ದಾಗ ಒಂದು ಕುರ್ಚಿ ಕೇಳಲೂ ನಾಚಿಕೆ. 1915ರಲ್ಲಿ, ಎಪ್ಪತ್ತರ ವಯಸ್ಸಿನಲ್ಲಿ ಒಂದು ಕಾಲನ್ನೇ ಕತ್ತರಿಸಿದ ಮೇಲೂ ಫ್ರಾನ್ಸಿನ ಹೆಸರಾಂತ ನಟಿ ಸಾರಾ ಬರ್ನ್‌ಹಾರ್ಟ್ ನಾಟಕ ಬಿಡಲಿಲ್ಲ, ಕೂತೇ ಅಭಿನಯಿಸಿದರು. ನನ್ನ ಮಂಡಿನೋವಿಗೆ ಕುರ್ಚಿ ಕೇಳಿದರೆ ತಪ್ಪೇನು?

ಈಗ ಅಜ್ಜಿ ಪಾತ್ರಗಳೂ ಶುರುವಾಗಿವೆ. ಅಜ್ಜಿಯರನ್ನಂತೂ ಮೂಲೆಯಲ್ಲಿ ಕೂರಿಸಿ ಮರೆತುಬಿಡುತ್ತಾರೆ. ಮೊನ್ನೆ ಒಬ್ಬ ಹೊಸ ನಿರ್ದೇಶಕ ಕಥೆ ಹೇಳಲು ಬಂದಿದ್ದ. "ಈ ಅಜ್ಜಿಗೆ ಏನು ಬೇಕಪ್ಪಾ?" ಅಂತ ಕೇಳಿದೆ. "ಯೋಚನೆ ಮಾಡಿ ಹೇಳ್ತೀನಿ ಮೇಡಂ" ಅಂತ ಹೋದ. ಮರುದಿನ ಫೋನ್ ಮಾಡಿದ. ಅಜ್ಜಿಗೆ ಬೀರುವಿನ ಬೀಗದ ಕೈ ಬೇಕಂತೆ, ಸೊಸೆ ಕೊಡುತ್ತಿಲ್ಲವಂತೆ, ಇಡೀ ಸಿನಿಮಾ ಅವಳು ಅದನ್ನೇ ಹುಡುಕುತ್ತಿರುತ್ತಾಳಂತೆ. ಡೇಟ್ಸ್ ಕೊಟ್ಟೆ.