ಹಳೇ ತಂಡದ ಫೋಟೋ ಕೈಗೆ ಸಿಕ್ಕರೆ ಏನು ಮಾಡಬೇಕು

ಹಳೇ ಆಟಗಾರರೊಬ್ಬರು ತೀರಿಕೊಂಡ ಸುದ್ದಿ ಬಂದ ದಿನ ನಾವೆಲ್ಲ ಒಂದು ಕಪ್ಪು ಬಿಳುಪು ಫೋಟೋ ಹುಡುಕಿ ಸ್ಟೇಟಸ್‌ಗೆ ಹಾಕುತ್ತೇವೆ. ಕೆಳಗೆ 'ಓಂ ಶಾಂತಿ'. ಮಾರನೇ ದಿನ ಪೇಪರಿನಲ್ಲಿ ನಾಲ್ಕು ಸಾಲು ಬರುತ್ತದೆ, ಅದರಲ್ಲಿ 'ತುಂಬಲಾರದ ನಷ್ಟ' ಇರುತ್ತದೆ, 'ಅಪಾರ ಬಂಧು ಬಳಗವನ್ನು ಅಗಲಿದ್ದಾರೆ' ಇರುತ್ತದೆ. ಅವರು ಹೇಗೆ ಆಡುತ್ತಿದ್ದರು ಅನ್ನುವುದು ಮಾತ್ರ ಇರುವುದಿಲ್ಲ. ಅಲ್ಲಿಗೆ ಮುಗಿಯಿತು.

ಅಲ್ಲಿಗೆ ಮುಗಿಯಬಾರದು. ಒಬ್ಬರು ಹೋದಾಗ, ಅವರ ಜೊತೆ ಆಡಿದ ಉಳಿದವರ ಮನೆಗೆ ಹೋಗಿ. ಹೋದವರನ್ನು ಚೆನ್ನಾಗಿ ನೆನೆಯುವ ದಾರಿ ಅದೇ. ಈ ಕೆಲಸವನ್ನು ನಾನು ಕೆಲವು ವರ್ಷದಿಂದ ಮಾಡುತ್ತಾ ಬಂದಿದ್ದೇನೆ, ತಪ್ಪುಗಳನ್ನೂ ಮಾಡಿದ್ದೇನೆ. ಕಲಿತದ್ದನ್ನು ಇಲ್ಲಿ ಹೇಳುತ್ತೇನೆ.

ಮೊದಲು ಯಾರೋ ಒಬ್ಬ ಸ್ಟಾರ್ ಆಟಗಾರನನ್ನಲ್ಲ, ಒಂದು ತಂಡವನ್ನು ಆರಿಸಿಕೊಳ್ಳಿ. ಉದಾಹರಣೆಗೆ 1973-74ರ ನಮ್ಮ ರಣಜಿ ತಂಡ. 1973ರ ನವೆಂಬರ್ 1ಕ್ಕೆ ಮೈಸೂರು ರಾಜ್ಯ ಕರ್ನಾಟಕ ಆಯಿತು, ಅದೇ ಸೀಸನ್ನಿನಲ್ಲಿ ನಾವು ಮೊದಲ ಸಲ ರಣಜಿ ಗೆದ್ದೆವು. ಅದಕ್ಕೂ ಮೊದಲು ಬಾಂಬೆ ಸತತ 15 ವರ್ಷ ಗೆದ್ದಿತ್ತು. ಬೆಂಗಳೂರಿನಲ್ಲಿ ನಡೆದ ಸೆಮಿಫೈನಲ್‌ನಲ್ಲಿ ಮೊದಲ ಇನಿಂಗ್ಸ್ ಲೀಡ್ ಮೇಲೆ ಅವರನ್ನು ಹೊರಗೆ ಹಾಕಿ, ಜೈಪುರಕ್ಕೆ ಹೋಗಿ ರಾಜಸ್ಥಾನವನ್ನು ಸೋಲಿಸಿ ಕಪ್ ತಂದರು. ಕ್ಯಾಪ್ಟನ್ ಎರಪಳ್ಳಿ ಪ್ರಸನ್ನ. ಹೆಸರು ಹೇಳಿ ಅಂದರೆ ಯಾರಾದರೂ ಪ್ರಸನ್ನ, ಚಂದ್ರಶೇಖರ್, ವಿಶ್ವನಾಥ್, ಬ್ರಿಜೇಶ್ ಪಟೇಲ್, ಕಿರ್ಮಾನಿ ಅಂತ ಐದು ಹೆಸರು ಪಟಪಟ ಹೇಳುತ್ತಾರೆ. ಆರನೆಯದಕ್ಕೆ ತಡವರಿಸುತ್ತಾರೆ. ನಿಮ್ಮ ಕೆಲಸ ಶುರುವಾಗುವುದು ಆ ಆರನೇ ಹೆಸರಿನಿಂದ.

ಆ ಆರನೇ ಹೆಸರು ಬಿ. ವಿಜಯಕೃಷ್ಣ ಅಂತ ಇಟ್ಟುಕೊಳ್ಳಿ. ಎಡಗೈ ಸ್ಪಿನ್ನರ್, ಎಡಗೈ ಬ್ಯಾಟು. ಭಾರತಕ್ಕೆ ಒಂದೂ ಟೆಸ್ಟ್ ಆಡಲಿಲ್ಲ. ಪ್ರಸನ್ನ, ಚಂದ್ರ ಇದ್ದ ಕಾಲದಲ್ಲಿ, ದೇಶದ ತಂಡದಲ್ಲಿ ಎಡಗೈ ಸ್ಪಿನ್ನರ್ ಬಿಷನ್ ಸಿಂಗ್ ಬೇಡಿಯವರು ಕೂತಿದ್ದ ಕಾಲದಲ್ಲಿ, ಎಡಗೈ ಸ್ಪಿನ್ನರ್ ಆಗಿ ಹುಟ್ಟಿದ್ದೇ ಒಂದು ಪರೀಕ್ಷೆ. ಆದರೂ ವರ್ಷಗಟ್ಟಲೆ ಕರ್ನಾಟಕಕ್ಕೆ ಆಡಿದರು. 2021ರ ಜೂನ್ 17ಕ್ಕೆ ತೀರಿಕೊಂಡರು, 71 ವರ್ಷ ಆಗಿತ್ತು. ಕೋವಿಡ್ ದಿನಗಳು ಅವು. ಹತ್ತು ಜನ ಸೇರಿ ಕೂತು ನೆನೆಯುವುದಕ್ಕೂ ಆಗದ ಕಾಲ. ಅಂಥವರ ಬಗ್ಗೆ ಬರೆಯುವಾಗ 'ಅವಕಾಶ ವಂಚಿತ' ಅಂತ ಒಂದು ಪದ ಹಾಕಿ ಕೈತೊಳೆದುಕೊಳ್ಳಬೇಡಿ. ಯಾರ ಜೊತೆ ಬೌಲ್ ಮಾಡಿದರು, ಯಾವ ಮ್ಯಾಚಿನಲ್ಲಿ, ಎಷ್ಟನೇ ನಂಬರಿಗೆ ಬ್ಯಾಟಿಂಗ್ ಬಂದರು, ಅದನ್ನು ಹುಡುಕಿ ಬರೆಯಿರಿ.

ಹುಡುಕುವುದು ಹೇಗೆ? ಸ್ಕೋರ್‌ಕಾರ್ಡಿನಿಂದ. ಮಾತಿಗೆ ಮೊದಲು ಸ್ಕೋರ್‌ಕಾರ್ಡ್ ಇರಲಿ, ಯಾಕೆಂದರೆ ಐವತ್ತು ವರ್ಷದ ನೆನಪು ಜಾಗ ಬದಲಾಯಿಸುತ್ತದೆ. ಆ ಸೆಮಿಫೈನಲ್‌ನಲ್ಲಿ ವಿಶ್ವನಾಥ್ 162, ಬ್ರಿಜೇಶ್ 106. ಕೇಳಿದವರೆಲ್ಲ ಒಬ್ಬೊಬ್ಬರು ಒಂದೊಂದು ಲೆಕ್ಕ ಹೇಳುತ್ತಾರೆ. ಇದರಲ್ಲಿ ಕೆಲವು ಗುಂಡಿಗಳಿವೆ, ಮೊದಲೇ ಹೇಳಿಬಿಡುತ್ತೇನೆ. 1973-74 ಅಂದರೆ ಸೀಸನ್, ಕಪ್ ಕೈಗೆ ಬಂದಿದ್ದು 1974ರಲ್ಲಿ. ಎರಡನ್ನೂ ಕಲಸಬೇಡಿ. ಅದೇ ತಂಡದಲ್ಲಿ ವಿಜಯಕೃಷ್ಣ ಅಂತ ಒಬ್ಬರು, ವಿಜಯಕುಮಾರ್ ಅಂತ ಇನ್ನೊಬ್ಬರು. ಒಬ್ಬರು ಸ್ಪಿನ್ನರ್, ಒಬ್ಬರು ಓಪನರ್. ಅವಸರದಲ್ಲಿ ಬರೆದರೆ ಬದುಕಿನಲ್ಲಿ ಒಬ್ಬರು ಮಾಡಿದ್ದನ್ನು ಇನ್ನೊಬ್ಬರ ಹೆಸರಿಗೆ ಬರೆದುಬಿಡುತ್ತೀರಿ. ಇನಿಷಿಯಲ್ ಬಿಡಬೇಡಿ. ನಮ್ಮ ಕಡೆ ಒಂದೇ ಹೆಸರಿನವರು ಬೀದಿಗೆ ನಾಲ್ಕು ಜನ.

ಎದುರು ತಂಡದವರನ್ನೂ ಪಟ್ಟಿಗೆ ಸೇರಿಸಿ. ಆ ಮ್ಯಾಚಿನಲ್ಲಿ ಬಾಂಬೆಯ ಕ್ಯಾಪ್ಟನ್ ಅಜಿತ್ ವಾಡೇಕರ್ ಓಡುವಾಗ ಕಾಲು ಜಾರಿ ರನೌಟ್ ಆದರು, ಅಲ್ಲಿಂದ ಮ್ಯಾಚು ನಮ್ಮ ಕಡೆ ತಿರುಗಿತು. ವಾಡೇಕರ್ 2018ರ ಆಗಸ್ಟ್ 15ಕ್ಕೆ ಹೋದರು. ಅವರನ್ನು ನೆನೆಯುವಾಗ ಮುಂಬೈನವರು ಅವರ ನಾಯಕತ್ವದಲ್ಲಿ ಭಾರತ ಗೆದ್ದ 1971ರ ವೆಸ್ಟ್ ಇಂಡೀಸ್, ಇಂಗ್ಲೆಂಡ್ ಪ್ರವಾಸಗಳನ್ನು ನೆನೆಯುತ್ತಾರೆ, ಅದು ಸರಿಯೇ. ಬೆಂಗಳೂರಿನವರಿಗೆ ಆ ಜಾರಿದ ಕಾಲೂ ನೆನಪಿಗೆ ಬರುತ್ತದೆ. ಹಾಗೆ ಬಂದರೆ ತಪ್ಪಿಲ್ಲ. ಸೋತವರನ್ನು ಬಿಟ್ಟು ಗೆದ್ದವರ ಕಥೆ ಹೇಳಿದರೆ ಅರ್ಧ ಮೈದಾನ ಖಾಲಿ ಇರುತ್ತದೆ.

ಬದಲಿ ಆಟಗಾರನಿಗೆ ಜಾಗ ಬಿಟ್ಟು ಮೈದಾನದಿಂದ ಹೊರಗೆ ಹೋದ ಆಟಗಾರನ ವಿಷಯಾನೂ ಹಾಗೇ. 1975ರ ಹಾಕಿ ವಿಶ್ವಕಪ್, ಕೌಲಾಲಂಪುರ. ನಾವು ಗೆದ್ದ ಒಂದೇ ಹಾಕಿ ವಿಶ್ವಕಪ್ ಅದು, ಫೈನಲ್‌ನಲ್ಲಿ ಪಾಕಿಸ್ತಾನದ ಮೇಲೆ 2-1. ಕೊಡಗಿನ ಬಿ.ಪಿ. ಗೋವಿಂದ, ಪಿ.ಇ. ಕಾಳಯ್ಯ ಆ ತಂಡದಲ್ಲಿದ್ದರು. ಮಲೇಷ್ಯಾ ವಿರುದ್ಧದ ಸೆಮಿಫೈನಲ್ ಕೈತಪ್ಪುವಂತಿದ್ದಾಗ ಬದಲಿ ಆಟಗಾರನಾಗಿ ಬಂದ ಅಸ್ಲಂ ಶೇರ್ ಖಾನ್ ಪೆನಾಲ್ಟಿ ಕಾರ್ನರ್‌ನಲ್ಲಿ ಗೋಲು ಹೊಡೆದು ಸಮ ಮಾಡಿದರು. ಈ ಕಥೆ ಎಲ್ಲರೂ ಹೇಳುತ್ತಾರೆ. ಅಸ್ಲಂ ಒಳಗೆ ಬರಲು ಹೊರಗೆ ಹೋಗಿದ್ದು ಯಾರು? ಮೈಕೆಲ್ ಕಿಂಡೊ. ಈಗಿನ ಜಾರ್ಖಂಡಿನ ಸಿಮ್ಡೆಗಾ ಕಡೆಯ ಆದಿವಾಸಿ ಹುಡುಗ, ಫುಲ್ ಬ್ಯಾಕ್. 2020ರ ಡಿಸೆಂಬರ್ 31ಕ್ಕೆ ತೀರಿಕೊಂಡರು, ವರ್ಷದ ಕೊನೇ ದಿನ. ಅದೇ ತಂಡದ ವರಿಂದರ್ ಸಿಂಗ್ 2022ರ ಜೂನ್‌ನಲ್ಲಿ. ಹದಿನಾರು ಜನರ ತಂಡ, ಹದಿನಾರೂ ಹೆಸರು ಬರೆದಿಟ್ಟುಕೊಳ್ಳಿ. ಬೆಂಚಿನ ಮೇಲೆ ಕೂತು ಮ್ಯಾಚು ನೋಡಿದವನಿಗೆ ಆಟ ಜಾಸ್ತಿ ನೆನಪಿರುತ್ತದೆ, ಇದು ನನ್ನ ಅನುಭವ.

ಪಟ್ಟಿ ಆಯಿತು. ಈಗ ಯಾರು ಇದ್ದಾರೆ, ಯಾರು ಇಲ್ಲ. ಇಲ್ಲಿ ಬಹಳ ಹುಷಾರಾಗಿರಬೇಕು. ವಾಟ್ಸಾಪ್‌ನಲ್ಲಿ ಬದುಕಿರುವವರನ್ನೇ ಎಷ್ಟು ಸಲ ಸಾಯಿಸಿದ್ದಾರೆ! ಎರಡು ಪತ್ರಿಕೆಯಲ್ಲಿ ಬಂದಿದೆಯಾ ನೋಡಿ, ಇಲ್ಲ ಆ ಕ್ರೀಡೆಯ ಸಂಸ್ಥೆಯವರನ್ನು ಕೇಳಿ. ಹೋದವರ ಮನೆಯವರಿಗೇ ಫೋನ್ ಮಾಡಿ 'ನಿಜಾನಾ' ಅಂತ ಕೇಳಬೇಡಿ. 'ತಂಡದಲ್ಲಿ ಈಗ ಉಳಿದಿರುವವರು ಇಷ್ಟೇ ಜನ' ಅಂತ ಬರೆಯುವುದಾದರೆ ಹಾಕುವ ದಿನ ಬೆಳಿಗ್ಗೆ ಇನ್ನೊಂದು ಸಲ ವಿಚಾರಿಸಿ. ಹೇಗೆ ಸತ್ತರು ಅನ್ನುವುದನ್ನು ಕುಟುಂಬದವರು ಹೇಳದೇ ಇದ್ದರೆ ನೀವೂ ಹೇಳಬೇಡಿ.

ಈಗ ನನ್ನ ತಪ್ಪಿನ ಕಥೆ. ನಮ್ಮೂರಿನಲ್ಲಿ ಒಂದು ಬಾಲ್ ಬ್ಯಾಡ್ಮಿಂಟನ್ ತಂಡ ಇತ್ತು. ಹಳದಿ ಉಣ್ಣೆ ಚೆಂಡು, ಐದು ಜನ ಕೋರ್ಟಿನಲ್ಲಿ, ಸಂಜೆ ಆದರೆ ಅರ್ಧ ಊರು ಸುತ್ತ ನಿಂತಿರುತ್ತಿತ್ತು. ಆ ತಂಡದಲ್ಲಿ ಸೆಂಟರ್ ಆಡುತ್ತಿದ್ದವರು ನಮ್ಮಪ್ಪನ ಸ್ನೇಹಿತರು, ನನಗೆ ಮಾಮ. ಬ್ಯಾಕ್ ಆಡುತ್ತಿದ್ದವರು ಮೈಸೂರಿನಲ್ಲಿ ತೀರಿಕೊಂಡರು ಅಂತ ಕೇಳಿ ನಾನು ಸೀದಾ ಮಾಮನ ಮನೆಗೆ ಹೋದೆ. ಒಳಗೆ ಕಾಲಿಡುತ್ತಲೇ 'ಹೋಗಿಬಿಟ್ಟರಂತಲ್ಲ ಮಾಮ' ಅಂದೆ. ಅವರಿಗೆ ಯಾರೂ ಹೇಳಿರಲಿಲ್ಲ. ಹಾರ್ಟ್ ಪೇಷಂಟ್ ಅಂತ ಮನೆಯವರು ಮುಚ್ಚಿಟ್ಟಿದ್ದರು. ಅತ್ತೆ ಅಡುಗೆಮನೆ ಬಾಗಿಲಲ್ಲಿ ನಿಂತು ನನ್ನನ್ನು ನೋಡಿದ ನೋಟ ಇವತ್ತಿಗೂ ಕಣ್ಣಿಗೆ ಕಟ್ಟಿದೆ.

ಮಾಮ ಏನೂ ಮಾತಾಡಲಿಲ್ಲ. ಎದ್ದು ಗೋಡೆಯಿಂದ ಫೋಟೋ ತೆಗೆದರು. ಚೌಕಟ್ಟಿನ ಹಿಂದಿನ ಮೊಳೆಗಳು ತುಕ್ಕು ಹಿಡಿದು ರಟ್ಟಿಗೆ ಕಂದು ಬಣ್ಣ ಬಿಟ್ಟಿತ್ತು. ಒಂಬತ್ತು ಜನ, ಮುಂದೆ ಕುರ್ಚಿಯಲ್ಲಿ ನಾಲ್ವರು, ಕಾಲ ಬಳಿ ಒಂದು ಶೀಲ್ಡ್. ಗಾಜಿನ ಮೇಲೆ ಬೆರಳಿಟ್ಟು ಒಂದೊಂದೇ ಮುಖ ತೋರಿಸುತ್ತಾ ಹೋದರು. 'ಇವನು ಇಲ್ಲ. ಇವನೂ ಇಲ್ಲ. ಇವನು ಮಗನ ಮನೇಲಿದ್ದಾನೆ, ಗುರುತು ಸಿಗಲ್ಲ ಯಾರದ್ದೂ. ಇವನು ಈಗ ಹೋದ.' ಬೆರಳು ಅಲ್ಲೇ ನಿಂತಿತು. ಸ್ವಲ್ಪ ಹೊತ್ತಾದ ಮೇಲೆ 'ಚೆಂಡು ಒದ್ದೆ ಆದ್ರೆ ಇವನು ಶರ್ಟ್ ಒಳಗೆ ಹಾಕ್ಕೊಂಡು ಒಣಗಿಸ್ತಿದ್ದ ಕಣೋ, ಮೈ ಬಿಸಿಗೆ' ಅಂದರು. ಆ ಮನುಷ್ಯನ ಬಗ್ಗೆ ನಾನು ಬರೆದಿದ್ದರಲ್ಲಿ ಎಲ್ಲರೂ ನೆನಪಿಟ್ಟುಕೊಂಡಿದ್ದು ಆ ಒಂದು ಸಾಲನ್ನೇ.

ಆದ್ದರಿಂದ: ಮೊದಲು ನೀವು ನೋಡಲು ಹೋಗುವ ಆಟಗಾರರ ಮನೆಯವರಿಗೆ ಫೋನ್ ಮಾಡಿ, ಸುದ್ದಿ ಆ ಆಟಗಾರರಿಗೆ ಗೊತ್ತಾ ಅಂತ ಕೇಳಿ. ಕರ್ಮ ಎಲ್ಲ ಮುಗಿದು, ಹದಿಮೂರು ದಿನ ಕಳೆದ ಮೇಲೆ ಹೋಗುವುದು ಒಳ್ಳೆಯದು. ಬೆಳಿಗ್ಗೆ ಹತ್ತೂವರೆ ಹನ್ನೊಂದಕ್ಕೆ ಹೋಗಿ, ತಿಂಡಿ ಔಷಧಿ ಆಗಿರುತ್ತದೆ, ಊಟಕ್ಕೆ ಇನ್ನೂ ಸಮಯ ಇರುತ್ತದೆ. ಒಬ್ಬರೇ ಹೋಗಿ, ಜಾಸ್ತಿ ಅಂದರೆ ಇಬ್ಬರು. ಕೈಯಲ್ಲಿ ತಂಡದ ಫೋಟೋದ ದೊಡ್ಡ ಪ್ರಿಂಟ್ ಇರಲಿ. ಫೋನಿನಲ್ಲಿ ತೋರಿಸಿದರೆ ಅವರಿಗೆ ಕಾಣುವುದಿಲ್ಲ, ಬೆರಳು ತಾಗಿ ಫೋಟೋ ಎಲ್ಲೋ ಓಡಿಹೋಗುತ್ತದೆ.

ರೆಕಾರ್ಡ್ ಮಾಡಲಾ ಅಂತ ಕೇಳಿ ಮಾಡಿ. ಫೋನನ್ನು ಟೀಪಾಯಿ ಮೇಲೆ ಒಂದು ಕರವಸ್ತ್ರ ಹಾಸಿ ಇಡಿ, ಲೋಟ ಇಟ್ಟ ಸದ್ದು ಬೀಳುವುದಿಲ್ಲ. ಫ್ಯಾನ್ ಕೆಳಗೆ ಬೇಡ. ಶುರುವಿನಲ್ಲೇ ಇವತ್ತಿನ ತಾರೀಖು, ಯಾರ ಮನೆ, ಯಾರು ಮಾತಾಡುತ್ತಿದ್ದಾರೆ ಅಂತ ನೀವೇ ಹೇಳಿಬಿಡಿ. ಆಮೇಲೆ ಸುಮ್ನೆ ಕೂತು ಕೇಳಿ.

ಪ್ರಶ್ನೆ ಕೇಳುವಾಗ 'ಗೆದ್ದಾಗ ಹೇಗನ್ನಿಸಿತು ಸರ್' ಅಂತ ಕೇಳಿದರೆ 'ಬಹಳ ಸಂತೋಷ ಆಯ್ತು' ಅಂತ ಉತ್ತರ ಬರುತ್ತದೆ, ಮುಂದೆ ಮಾತು ಹೊರಡುವುದಿಲ್ಲ. ಶೂ ಎಲ್ಲಿ ತಗೊಂಡ್ರಿ? ಭತ್ಯೆ ಎಷ್ಟು ಕೊಡ್ತಿದ್ರು? ರೈಲಿನಲ್ಲಿ ಯಾರ ಪಕ್ಕ ಮಲಗ್ತಿದ್ರಿ? ಕಿಟ್ ಯಾರು ಹೊರ್ತಿದ್ರು? ಹೋದವರನ್ನು ತಂಡದಲ್ಲಿ ಏನಂತ ಕರೀತಿದ್ರಿ? ಇಂಥವನ್ನು ಕೇಳಿ. ಕೊನೆಯ ಪ್ರಶ್ನೆಗೆ ಬಹಳ ಜನ ಮೊದಲು ನಗುತ್ತಾರೆ, ಆಮೇಲೆ ಅಳುತ್ತಾರೆ. ಅತ್ತರೆ ರೆಕಾರ್ಡಿಂಗ್ ನಿಲ್ಲಿಸಿ. ನೀರು ಕೊಡಿ. ಅವತ್ತಿಗೆ ಅಷ್ಟೇ ಸಾಕು, ಇನ್ನೊಂದು ದಿನ ಹೋದರಾಯಿತು.

ಇಬ್ಬರು ಒಂದೇ ಘಟನೆಯನ್ನು ಬೇರೆ ಬೇರೆ ಥರ ಹೇಳಿದರೆ? ಸ್ಕೋರ್‌ಕಾರ್ಡ್ ಹೇಳುವ ವಿಷಯಕ್ಕೆ ಸ್ಕೋರ್‌ಕಾರ್ಡನ್ನೇ ನಂಬಿ. ಅದು ಹೇಳದೇ ಇರುವ ವಿಷಯಕ್ಕೆ ಇಬ್ಬರ ಮಾತನ್ನೂ ಅವರವರ ಹೆಸರಿನಲ್ಲೇ ಬರೆಯಿರಿ. ಅವರ ಮುಖಕ್ಕೆ 'ನೀವು ಹೇಳ್ತಿರೋದು ತಪ್ಪು' ಅನ್ನಬೇಡಿ.

ಮನೆಯ ಹೆಂಗಸರನ್ನು ಮಾತಾಡಿಸಲು ಮರೆಯಬೇಡಿ. ಪೇಪರ್ ಕಟಿಂಗ್ ಕತ್ತರಿಸಿ ಇಟ್ಟಿದ್ದು ಬಹಳ ಮನೆಗಳಲ್ಲಿ ಹೆಂಡತಿ ಅಥವಾ ತಂಗಿ. ಎಲ್ಲಿ ಅಲ್ಬಮ್ ಇದೆ ಅಂತ ಗೊತ್ತಿರುವುದೂ ಅವರಿಗೇ. ಕಟಿಂಗ್ ಅಂಟಿಸಿದ್ದರೆ ಕೀಳಲು ಹೋಗಬೇಡಿ, ಅಂಟಿದ ಹಾಗೇ ಫೋಟೋ ತೆಗೆಯಿರಿ. ಗಾಜು ಇದ್ದರೆ ಫ್ಲ್ಯಾಶ್ ಬೇಡ, ಕಿಟಕಿಯ ಬೆಳಕು ಪಕ್ಕದಿಂದ ಬೀಳುವ ಹಾಗೆ ಇಟ್ಟು ತೆಗೆಯಿರಿ. ಹಿಂದಿನ ಬದಿಯನ್ನೂ ತೆಗೆಯಿರಿ, ಸ್ಟುಡಿಯೋ ಮೊಹರು, ತಾರೀಖು ಅಲ್ಲೇ ಇರುತ್ತದೆ. ವಾಟ್ಸಾಪ್‌ನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಅಂತ ಕಳಿಸಿ, ಫೋಟೋ ಅಂತ ಕಳಿಸಿದರೆ ಮುಖಗಳು ಮಸುಕಾಗುತ್ತವೆ. ಅಸಲಿ ಪ್ರತಿಯನ್ನು ಮನೆಯಿಂದ ಆಚೆ ತರಲೇಬೇಡಿ. ಒಮ್ಮೆ ಒಬ್ಬರು 'ನಾಳೆ ವಾಪಸ್ ಕೊಡ್ತೀನಿ' ಅಂತ ತೆಗೆದುಕೊಂಡು ಹೋದ ಅಲ್ಬಮ್ ಇನ್ನೂ ಬಂದಿಲ್ಲ ಅಂತ ಹೇಳುವ ಕುಟುಂಬಗಳನ್ನು ನಾನು ನೋಡಿದ್ದೇನೆ.

ತಡ ಮಾಡಿದರೆ ಏನಾಗುತ್ತದೆ ಅನ್ನುವುದಕ್ಕೆ 1948ರ ಫುಟ್‌ಬಾಲ್ ತಂಡ ನೋಡಿ. ಲಂಡನ್ ಒಲಿಂಪಿಕ್ಸ್, ಫ್ರಾನ್ಸ್ ಎದುರು 1-2ರಿಂದ ಸೋತೆವು, ನಮ್ಮವರಲ್ಲಿ ಬಹಳ ಜನ ಬರಿಗಾಲಲ್ಲಿ ಆಡಿದರು. ಆ ಒಂದು ಗೋಲು, ಒಲಿಂಪಿಕ್ಸ್‌ನಲ್ಲಿ ಭಾರತದ ಮೊದಲ ಫುಟ್‌ಬಾಲ್ ಗೋಲು, ಹೊಡೆದಿದ್ದು ಬೆಂಗಳೂರಿನ ಎಸ್. ರಾಮನ್. ಬೆಂಗಳೂರಿನವರೇ ಆದ ಅಹ್ಮದ್ ಖಾನ್ ಕೂಡ ಆ ತಂಡದಲ್ಲಿದ್ದರು, ಮುಂದೆ ಕಲ್ಕತ್ತಾದಲ್ಲಿ ಈಸ್ಟ್ ಬೆಂಗಾಲ್ ಕ್ಲಬ್ಬಿನ 'ಪಂಚ ಪಾಂಡವರು' ಅಂತ ಹೆಸರಾದ ಐದು ಫಾರ್ವರ್ಡ್ ಆಟಗಾರರಲ್ಲಿ ಒಬ್ಬರಾದರು. 2017ರ ಆಗಸ್ಟ್‌ವರೆಗೂ ಅವರು ಬೆಂಗಳೂರಿನಲ್ಲೇ ಇದ್ದರು. ಬರಿಗಾಲಿಗೆ ಅಲ್ಲಿನ ಹುಲ್ಲು ಹೇಗಿತ್ತು ಅಂತ ಒಂದು ಆಟೋ ಹತ್ತಿ ಹೋಗಿ ಕೇಳಬಹುದಿತ್ತು. ನಾನು ಹೋಗಲಿಲ್ಲ. ಈಗ ಬೇಕು ಅಂದರೂ ಆಗುವುದಿಲ್ಲ.

ಉಳಿದವರನ್ನು ಒಟ್ಟಿಗೆ ಸೇರಿಸುವುದಾದರೆ ಸಣ್ಣದಾಗಿ ಮಾಡಿ. ಗ್ರೌಂಡ್ ಫ್ಲೋರ್ ಇರಬೇಕು, ಕೈ ಇರುವ ಕುರ್ಚಿ ಬೇಕು, ಟಾಯ್ಲೆಟ್ ಹತ್ತಿರ ಇರಬೇಕು, ಮನೆಯಿಂದ ಕರೆತಂದು ವಾಪಸ್ ಬಿಡುವ ಗಾಡಿ ಬೇಕು. ಶಾಲು, ಪೇಟ, ಹಣ್ಣಿನ ಬುಟ್ಟಿ ಇರಲಿ, ಬೇಡ ಅನ್ನುವುದಿಲ್ಲ. ಆದರೆ ಗಣ್ಯರ ಭಾಷಣ ಮೂರು ಗಂಟೆ, ಆಟಗಾರರಿಗೆ ತಲಾ ಎರಡು ನಿಮಿಷ ಅನ್ನುವ ಕಾರ್ಯಕ್ರಮ ದಯವಿಟ್ಟು ಬೇಡ. ಮೊದಲು ಹೋದವರ ಹೆಸರನ್ನು ಒಂದೊಂದಾಗಿ ಓದಿ. ಆಮೇಲೆ ಮೈಕ್ ಪಕ್ಕಕ್ಕಿಟ್ಟು ಅವರವರೇ ಮಾತಾಡಿಕೊಳ್ಳಲು ಬಿಡಿ. ಕಾಫಿ ಮಾತ್ರ ಬರುತ್ತಾ ಇರಲಿ.

ಹೋದಾಗ ಇನ್ನೊಂದು ವಿಷಯ ಮೆಲ್ಲಗೆ ವಿಚಾರಿಸಿ: ಪಿಂಚಣಿ ಬರುತ್ತಿದೆಯಾ? ಬಿಸಿಸಿಐ ಹಳೇ ಆಟಗಾರರಿಗೆ ಕೊಡುತ್ತದೆ. ರಾಜ್ಯ ಸರ್ಕಾರದಲ್ಲಿ ಮಾಜಿ ಕುಸ್ತಿಪಟುಗಳಿಗೆ ಮಾಸಾಶನ ಇದೆ. ಬರಬೇಕಾದದ್ದು ಬರದೇ ಇದ್ದರೆ, ಅರ್ಜಿ ತುಂಬಲು, ಸರ್ಟಿಫಿಕೇಟ್ ಜೆರಾಕ್ಸ್ ಮಾಡಿಸಲು ಕೂತು ಸಹಾಯ ಮಾಡಿ. ಲೇಖನಕ್ಕಿಂತ ಅವರಿಗೆ ಅದು ಬೇಕಿರುತ್ತದೆ.

ಕೊನೆಗೆ, ಆ ಫೋಟೋದ ಪ್ರಿಂಟಿನ ಹಿಂದೆ ಎಡದಿಂದ ಬಲಕ್ಕೆ ಎಲ್ಲರ ಹೆಸರೂ ಬರೆಯಿರಿ. ನಿಂತವರು, ಕೂತವರು, ಸ್ಕೋರರ್, ಚೆಂಡು ಹೆಕ್ಕುತ್ತಿದ್ದ ಹುಡುಗ. ಮೆತ್ತಗಿನ ಪೆನ್ಸಿಲ್‌ನಲ್ಲಿ ಬರೆಯಿರಿ, ಬಾಲ್‌ಪೆನ್ ಒತ್ತಿದರೆ ಮುಂದಿನ ಮುಖಗಳ ಮೇಲೆ ಗೆರೆ ಮೂಡುತ್ತದೆ. ನಮ್ಮ ಬಾಲ್ ಬ್ಯಾಡ್ಮಿಂಟನ್ ಫೋಟೋದಲ್ಲಿ ಹಿಂದಿನ ಸಾಲಿನ ಎಡಗಡೆಯಿಂದ ಎರಡನೆಯವರು ಯಾರು ಅಂತ ಮಾಮನಿಗೂ ಗೊತ್ತಾಗಲಿಲ್ಲ. ಆ ಜಾಗ ಖಾಲಿ ಬಿಟ್ಟಿದ್ದೇನೆ. ಪ್ರತಿ ಸಲ ಊರಿಗೆ ಹೋದಾಗ ಪ್ರಿಂಟನ್ನು ಬ್ಯಾಗಿನಲ್ಲಿ ಇಟ್ಟುಕೊಂಡೇ ಹೋಗುತ್ತೇನೆ, ಎಪ್ಪತ್ತು ದಾಟಿದವರು ಯಾರು ಸಿಕ್ಕರೂ ತೋರಿಸುತ್ತೇನೆ.