ಹಸಿರು ಬೋರ್ಡಿನ ಕಂಬಕ್ಕೆ ನಮ್ಮ ತಗಡು

ನಮ್ಮ ಖಾನಾವಳಿ ಹುಮನಾಬಾದ್ ಹತ್ತಿರ, ರಾಷ್ಟ್ರೀಯ ಹೆದ್ದಾರಿ 65ರ ಸರ್ವಿಸ್ ರಸ್ತೆಯಲ್ಲಿದೆ. ಹಳಬರಿಗೆ ಈ ಹೆದ್ದಾರಿ ಈಗಲೂ ‘ನಂಬರ್ ನೈನ್’, ಅದರ ಹಳೇ ನಂಬರು ಒಂಬತ್ತು. ಪುಣೆ, ಸೋಲಾಪುರದಿಂದ ಹೈದರಾಬಾದಿಗೆ ಹೋಗುವ ಲಾರಿಗಳು ನಮ್ಮ ಮುಂದೆಯೇ ಹಾಯುತ್ತವೆ. ರಸ್ತೆ ಎರಡೇ ಲೇನ್ ಇದ್ದಾಗ ಬೋರ್ಡೇ ಬೇಕಿರಲಿಲ್ಲ. ಒಲೆಯ ಹೊಗೆ, ರೊಟ್ಟಿ ಬಡಿಯುವ ಸಪ್ಪಳ ಸಾಕಿತ್ತು. ನಾಲ್ಕು ಲೇನ್ ಆಯಿತು, ಡಿವೈಡರ್ ಬಂತು, ನಾವು ಸರ್ವಿಸ್ ರಸ್ತೆಯ ಪಾಲಾದೆವು. ಡ್ರೈವರ್ ಕಣ್ಣಿಗೆ ನಾವು ಬೀಳುವಷ್ಟರಲ್ಲಿ ಕೆಳಗಿಳಿಯುವ ದಾರಿ ಹಿಂದೆ ಉಳಿದಿರುತ್ತಿತ್ತು.

ದಾರಿ ಇಳಿಯುವ ಜಾಗದಲ್ಲೇ ಊರ ಹೆಸರಿನ ಹಸಿರು ಬೋರ್ಡ್ ಇದೆ. ಎಲ್ಲರೂ ನೋಡುವುದು ಅದನ್ನೇ ಅಲ್ವಾ? ಪೇಂಟರ್ ಕೈಲಿ ಒಂದು ತಗಡು ಬರೆಸಿ, ರಾತ್ರಿ ಹೋಗಿ ಅದೇ ಕಂಬಕ್ಕೆ ತಂತಿಯಿಂದ ಕಟ್ಟಿ ಬಂದೆ. ಎಂಟು ದಿನ ಗಿರಾಕಿ ಜಾಸ್ತಿ ಆದರು. ಒಂಬತ್ತನೇ ದಿನ ಗಸ್ತಿನ ಗಾಡಿಯವರು ತಗಡು ಬಿಚ್ಚಿಕೊಂಡು ಹೋದರು.

ಜಗಳ ಮಾಡಬೇಕೆಂದೇ ಹೆದ್ದಾರಿಯವರ ಆಫೀಸಿಗೆ ಹೋದೆ. ಅಲ್ಲಿದ್ದ ಇಂಜಿನಿಯರ್ ಚಹಾ ಕೊಟ್ಟು ಕೇಳಿದರು: “ಅಲ್ರೀ ಅಣ್ಣಾರ, ದಾರಿ ನೋಡೋ ಟೈಮಿನಾಗ ಡ್ರೈವರ್ ನಿಮ್ಮ ರೊಟ್ಟಿ ನೋಡ್ಕೋತ ಕುಂತ್ರ, ಹಿಂದಿನ ಗಾಡಿ ಗತಿ ಏನ್ರಿ?” ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಹೆದ್ದಾರಿಯ ಜಾಗ ಅನುಮತಿ ಇಲ್ಲದೆ ಬಳಸುವುದು 2002ರ ರಾಷ್ಟ್ರೀಯ ಹೆದ್ದಾರಿ ನಿಯಂತ್ರಣ ಕಾಯ್ದೆಗೆ ವಿರುದ್ಧ. ತೆಗೆಸಿದ ಖರ್ಚನ್ನೂ ನಮ್ಮಿಂದಲೇ ವಸೂಲಿ ಮಾಡಬಹುದು. ಜಾಹೀರಾತಿನ ಮಾತು ಬಂದರೆ, ರಸ್ತೆಗಳ ಮಾನದಂಡ ರೂಪಿಸುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ 46ನೇ ನಂಬರಿನ ನೀತಿ ಇದೆ, 1972ರದ್ದು. ಜಂಕ್ಷನ್‌ನಿಂದ, ಸೇತುವೆಯಿಂದ 100 ಮೀಟರ್ ಒಳಗೆ ಜಾಹೀರಾತು ಬೇಡ. ಊರೊಳಗಾದರೆ 50 ಮೀಟರ್‌ವರೆಗೆ ಇಳಿಸಬಹುದು, ಆದರೆ ನೋಟಕ್ಕೆ ಅಡ್ಡ ಬರಬಾರದು. ಸಂಚಾರದ ಬೋರ್ಡಿನಿಂದ ರಸ್ತೆಯುದ್ದಕ್ಕೂ 50 ಮೀಟರ್ ದೂರ. ಗಾಡಿ ಓಡುವ ಡಾಂಬರಿನ ಅಂಚಿನಿಂದ 10 ಮೀಟರ್ ದೂರ. ರಸ್ತೆಗೆ ಅಡ್ಡಲಾಗಿ ಬ್ಯಾನರ್ ಕಟ್ಟುವಂತಿಲ್ಲ. ನಾನು ಒಂದೇ ತಗಡಿನಲ್ಲಿ ಇವುಗಳಲ್ಲಿ ಎಷ್ಟನ್ನು ಮುರಿದಿದ್ದೆ ಎಂದು ಎಣಿಸಲು ಹೋಗಲಿಲ್ಲ.

ಮರುದಿನ ಟೇಪ್ ಹಿಡಿದು ಹೊರಟೆ. ಮೊದಲು ಹೆದ್ದಾರಿಯ ಗಡಿ ಕಲ್ಲು ಹುಡುಕಿದೆ. ಜಾಲಿ ಗಿಡದ ಬುಡದಲ್ಲಿ ಸಿಕ್ಕಿತು. ಕಲ್ಲಿನ ಆಚೆ ಭಾವಮೈದುನನ ತೊಗರಿ ಹೊಲ, ದಾರಿ ಇಳಿಯುವ ಜಾಗಕ್ಕಿಂತ ಸುಮಾರು 250 ಮೀಟರ್ ಮೊದಲು. ಹಸಿರು ಬೋರ್ಡಿಗೂ ಸಾಕಷ್ಟು ಅಂತರ ಇತ್ತು. ನಮ್ಮ ರಾಜ್ಯದಲ್ಲಿ ಹೆದ್ದಾರಿ ಬದಿ ಕಟ್ಟಡ ಕಟ್ಟಬೇಕಾದರೆ ರಸ್ತೆಯ ಮಧ್ಯದಿಂದ 40 ಮೀಟರ್ ಬಿಡಬೇಕು. ಬೋರ್ಡಿನ ಕಂಬ ಕಟ್ಟಡ ಅಲ್ಲ ಅನ್ನಬಹುದು. ಆದರೆ ನಾಳೆ ಯಾರ ಜೊತೆಗೂ ವಾದ ಬೇಡ ಅಂತ ಅದರಾಚೆಗೇ ಗುಂಡಿ ತೋಡಿಸಿದೆ. ಪಂಚಾಯ್ತಿಗೆ ಅರ್ಜಿ ಕೊಟ್ಟು ಶುಲ್ಕ ಕಟ್ಟಿದೆ. ಸರ್ವಿಸ್ ರಸ್ತೆಯಿಂದ ಅಂಗಳಕ್ಕೆ ಗಾಡಿ ಇಳಿಯುವ ದಾರಿಗೂ ಬೇರೆ ಅನುಮತಿ ಬೇಕು, ಅದಕ್ಕೆ ನಕ್ಷೆ ಮಾಡಿಸಬೇಕು. ಆ ಓಡಾಟದ ಕಥೆ ಇಲ್ಲಿ ಬೇಡ, ಎರಡು ಜೊತೆ ಚಪ್ಪಲಿ ಸವೆದವು.

ನಿಜವಾದ ತಲೆನೋವು ಅಕ್ಷರದ್ದು. ಲಾರಿ 80 ಕಿಲೋಮೀಟರ್ ವೇಗದಲ್ಲಿ ಬಂದರೆ ಸೆಕೆಂಡಿಗೆ 22 ಮೀಟರ್ ಹೋಗುತ್ತದೆ. 100 ಮೀಟರ್ ಅಂದರೆ ನಾಲ್ಕೂವರೆ ಸೆಕೆಂಡು. ಆ ಹೊತ್ತಿನಲ್ಲೇ ಓದಬೇಕು, ಹೊಟ್ಟೆಯನ್ನೂ ಕೇಳಬೇಕು. ಒಂದು ಇಂಚು ಎತ್ತರದ ಅಕ್ಷರ ಹತ್ತು ಮೀಟರ್ ದೂರಕ್ಕೆ ಸರಿಯಾಗಿ ಕಾಣುತ್ತದೆ ಎಂಬ ಲೆಕ್ಕ ಹಿಡಿದರೆ, 150 ಮೀಟರಿಗೆ 15 ಇಂಚು ಬೇಕು. ಪೇಂಟರ್ ಬರೆದಿದ್ದು ಆರು ಇಂಚು. ಅದರಲ್ಲೇ ನಮ್ಮ ಅಪ್ಪನ ಹೆಸರು, ಎರಡು ಮೊಬೈಲ್ ನಂಬರ್, ‘ಶುದ್ಧ ಸಸ್ಯಾಹಾರಿ’, ‘ಒಮ್ಮೆ ಬನ್ನಿ’, ಮೂಲೆಯಲ್ಲಿ ವೀರಭದ್ರೇಶ್ವರನ ಚಿತ್ರ. ದೇವರನ್ನು ಕೈ ಮುಗಿದು ಗಲ್ಲಾಪೆಟ್ಟಿಗೆ ಮೇಲೆ ಕೂರಿಸಿದೆ. ಬೋರ್ಡಿಗೆ ‘ರೊಟ್ಟಿ ಊಟ’ ಅಂತ ಎರಡೇ ಮಾತು, ಕೆಳಗೆ ಸರ್ವಿಸ್ ರಸ್ತೆಗೆ ಇಳಿಯಿರಿ ಅಂತ ಒಂದು ಸಾಲು.

ಭಾಷೆಯದೂ ಒಂದು ಪೇಚು. ನಮ್ಮ ಗಿರಾಕಿಗಳಲ್ಲಿ ಮರಾಠಿಯವರು, ತೆಲುಗಿನವರು, ಹಿಂದಿಯವರು ಎಲ್ಲ ಇದ್ದಾರೆ. 2024ರಲ್ಲಿ ತಿದ್ದಿದ ರಾಜ್ಯದ ಕನ್ನಡ ಭಾಷಾ ಕಾಯ್ದೆ ಪ್ರಕಾರ ನಾಮಫಲಕದಲ್ಲಿ 60 ಶೇಕಡಾ ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ನಾಲ್ಕು ಲಿಪಿ ತುರುಕಿದರೆ ಯಾವುದೂ ಓದಲಾಗುವುದಿಲ್ಲ. ಹಾಗಾಗಿ ಮೇಲೆ ಕನ್ನಡ ಬರೆಸಿ, ಪಕ್ಕದಲ್ಲಿ ದೊಡ್ಡದಾಗಿ ಒಂದು ಜೋಳದ ರೊಟ್ಟಿ ಬಿಡಿಸಿದೆ. ಮೊದಲ ಚಿತ್ರ ಹುಣ್ಣಿಮೆ ಚಂದ್ರನ ಹಾಗೆ ಇತ್ತು. ಕಂದು ಕಲೆ ಹಾಕಿಸಿದ ಮೇಲೆ ರೊಟ್ಟಿ ಆಯಿತು.

ಫ್ಲೆಕ್ಸ್ ಅಗ್ಗ ಅಂತ ಕೆಲವರು ಹೇಳಿದರು. ಪ್ಲಾಸ್ಟಿಕ್ ಫ್ಲೆಕ್ಸ್ 2016ರಿಂದಲೇ ರಾಜ್ಯದಲ್ಲಿ ನಿಷೇಧ, ಮೇಲಾಗಿ ಮಳೆಗಾಲದ ಮೊದಲ ಗಾಳಿಗೇ ಹರಿಯುತ್ತದೆ. ತಗಡೇ ಗಟ್ಟಿ. ಕೆಂಪು-ಹಸಿರು ಮಿಣುಕುವ ಸೀರಿಯಲ್ ಲೈಟ್ ಸುತ್ತೋಣ ಅಂತ ಪೇಂಟರ್ ಹಟ ಹಿಡಿದ. ರಾತ್ರಿ ಅದು ಸಿಗ್ನಲ್ ಹಾಗೆ ಕಂಡರೆ ಕಥೆ ಮುಗಿಯಿತು. ಮೇಲಿಂದ ಬೋರ್ಡಿನ ಮೇಲಷ್ಟೇ ಬೀಳುವ ಎರಡು ಬಿಳಿ ಬಲ್ಬ್ ಹಾಕಿದೆ. ಹಸಿರು, ನೀಲಿ ಬಣ್ಣವನ್ನೂ ಬೇಕೆಂದೇ ಬಿಟ್ಟೆ. ಸರ್ಕಾರಿ ಬೋರ್ಡ್ ಅಂತ ಯಾರೂ ಮೋಸ ಹೋಗಬಾರದು.

ಈ ನಡುವೆ ಟೆಕ್ಸಾಸಿನಲ್ಲಿರುವ ಅಕ್ಕನ ಮಗ ಒಂದು ಫೋಟೋ ಕಳಿಸಿದ. “ಮಾಮಾ, ಇಲ್ಲಿ ನೋಡು, ಹೋಟೆಲ್ ಹೆಸರು ಸರ್ಕಾರದ ಬೋರ್ಡ್ ಮ್ಯಾಲೇ ಅದ.” ಹೌದು, ಅಲ್ಲಿ ಹೆದ್ದಾರಿ ಬಿಟ್ಟಿಳಿಯುವ ಕಡೆ ನೀಲಿ ಬೋರ್ಡಿನಲ್ಲಿ ಹೋಟೆಲ್, ಪೆಟ್ರೋಲ್ ಬಂಕ್‌ಗಳ ಲೋಗೋ ಇರುತ್ತವೆ. ಒಂದು ಬೋರ್ಡಿಗೆ ಆರೇ. ಸಾಮಾನ್ಯವಾಗಿ ಅಂಗಡಿ ಮೂರು ಮೈಲಿ ಒಳಗಿರಬೇಕು. ಊಟದವರಾದರೆ ದಿನಕ್ಕೆ ಕನಿಷ್ಠ ಎರಡು ಹೊತ್ತು, ವಾರಕ್ಕೆ ಆರು ದಿನ ಬಡಿಸಬೇಕು, ಶೌಚಾಲಯ ಇರಬೇಕು. ನಮ್ಮಲ್ಲಿ ನೀಲಿ ಬೋರ್ಡಿನ ಬಿಳಿ ಚೌಕದೊಳಗೆ ಫೋರ್ಕಿನ ಚಿತ್ರ ಇರುತ್ತದೆ, ಯಾರ ಹೆಸರೂ ಇರುವುದಿಲ್ಲ. ರೊಟ್ಟಿ ಮುರಿದು ತಿನ್ನುವ ನಮ್ಮ ಸೀಮೆಗೆ ಫೋರ್ಕ್ ಯಾಕೋ! ಆದರೂ ಅವರ ಷರತ್ತು ಇಟ್ಟು ನಮ್ಮ ಖಾನಾವಳಿ ನೋಡಿದೆ. ಎರಡು ಹೊತ್ತು ಊಟ ಇದೆ, ಏಳು ದಿನವೂ ಒಲೆ ಉರಿಯುತ್ತದೆ. ಶೌಚಾಲಯದಲ್ಲಿ ಮಾತ್ರ ನಾನು ನಾಪಾಸು.

ಅದೇ ಬೇಸಿಗೆಯಲ್ಲಿ ಎರಡು ಕಟ್ಟಿಸಿದೆ, ಹೆಂಗಸರಿಗೆ ಒಂದು, ಗಂಡಸರಿಗೆ ಒಂದು. ಬೋರ್ಡಿನ ಕೊನೇ ಸಾಲಿಗೆ ಅದರ ಚಿತ್ರವನ್ನೂ ಬರೆಸಿದೆ. ಲಾರಿಗಳು ಬೋರ್ಡ್ ನೋಡಿ ಇಳಿದವು, ಆದರೆ ಕಾರಿನಲ್ಲಿ ಮನೆಮಂದಿ ಇಳಿಯಲು ಶುರುವಾಗಿದ್ದು ಆ ಚಿತ್ರ ಬಂದ ಮೇಲೇ. ಮೊದಲು ಹೆಂಗಸರು ಒಳಗೆ ಹೋಗಿ ಬರುತ್ತಾರೆ, ಆಮೇಲೆ ಊಟಕ್ಕೆ ಕೂರೋದೋ ಬೇಡವೋ ಅಂತ ತೀರ್ಮಾನ.

ಹೈದರಾಬಾದ್ ಕಡೆಯಿಂದ ಬರುವವರಿಗೆ ಇನ್ನೂ ಬೋರ್ಡ್ ಇಲ್ಲ. ಅವರು ಅಂಡರ್‌ಪಾಸ್ ದಾಟಿ ಈ ಬದಿಗೆ ಬರಬೇಕು. ಆ ಕಡೆ ಗಡಿ ಕಲ್ಲಿನಾಚೆ ಜಾಗ ಅಳೆದು ಬಂದಿದ್ದೇನೆ. ಹೊಲದ ಯಜಮಾನರು ವರ್ಷದ ಬಾಡಿಗೆ ಜೊತೆಗೆ ಮನೆಗೆ ದಿನಾ ಎಂಟು ರೊಟ್ಟಿ, ಶೇಂಗಾ ಹಿಂಡಿ ಕೇಳಿದ್ದಾರೆ. ಬಾಡಿಗೆಗೆ ಒಪ್ಪಿದ್ದೇನೆ. ರೊಟ್ಟಿಯ ಲೆಕ್ಕ ಇನ್ನೂ ಐದರಲ್ಲಿ ನಿಂತಿದೆ.