ಬ್ರೇಕ್ ಪೆಡಲ್ ಕಲ್ಲಾದಾಗ ನಾನು ಮಾಡಿದ್ದು

ಕಾರು ಕೊಂಡು ನಾಲ್ಕು ತಿಂಗಳಾಗಿತ್ತು. ಇಳಿಜಾರಿನಲ್ಲಿ ಎರಡು ಸಲ ಬ್ರೇಕ್ ಒತ್ತಿದರೆ ಮೂರನೇ ಸಲಕ್ಕೆ ಪೆಡಲ್ ಕಲ್ಲಿನಂತೆ ಗಟ್ಟಿ. ಕಾಲಡಿಯಲ್ಲಿ ಸುಂಯ್ ಎಂಬ ಸದ್ದು. ಮೂರು ಸಲ ಸರ್ವೀಸ್ ಸೆಂಟರಿಗೆ ಒಯ್ದೆ. ಅವರು ಓಡಿಸಿದಾಗ ಏನೂ ಆಗಲಿಲ್ಲ. ಇಂಥ ಗಾಡಿಗಳು ಮೆಕ್ಯಾನಿಕ್ ಎದುರು ಸಾಧುವಾಗಿಬಿಡುತ್ತವೆ.

ಮನೆಯಲ್ಲಿ, ಸರ್ವೀಸ್ ಸೆಂಟರಿನವರು ದೂರು, ದುರಸ್ತಿ ಬರೆದುಕೊಡುವ ಜಾಬ್ ಕಾರ್ಡ್‌ಗಳನ್ನು ಹರಡಿ ನೋಡಿದರೆ ಮೂರರಲ್ಲೂ ಒಂದೇ ಸಾಲು: ‘ಬ್ರೇಕ್ ಶಬ್ದ, ಕ್ಲೀನ್ ಮಾಡಲಾಗಿದೆ.’ ಪೆಡಲ್ ಗಟ್ಟಿಯಾಗುವ ಸುದ್ದಿಯೇ ಇಲ್ಲ. ಕಾಗದದ ಪ್ರಕಾರ ನಾನು ಆ ದೂರು ಕೊಟ್ಟೇ ಇರಲಿಲ್ಲ!

ನಾಲ್ಕನೇ ಸಲ ನನ್ನ ಮಾತನ್ನೇ ಬರೆಯಿರಿ ಎಂದು ಪಟ್ಟು ಹಿಡಿದೆ.

‘ಸಿಸ್ಟಮ್‌ನಲ್ಲಿ ಅಷ್ಟು ಜಾಗ ಇಲ್ಲ ಸರ್.’

‘ಪೆನ್ನಲ್ಲಿ ಬರೀರಿ, ಕಾಯ್ತೀನಿ.’

ಅದನ್ನೇ ಅಂದು ರಾತ್ರಿ ಡೀಲರ್‌ಗೂ ತಯಾರಕರಿಗೂ ಇಮೇಲ್ ಮಾಡಿದೆ. ಕಾರನ್ನು ಓಡಿಸುವುದು ನಿಲ್ಲಿಸಿದೆ.

ರೀಕಾಲ್ ದಾರಿಯೂ ಇತ್ತು. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ ಸೇರಿದ 110ಎ ಕಲಂ ಪ್ರಕಾರ ಸರ್ಕಾರ ದೋಷವಿರುವ ವಾಹನಗಳನ್ನು ವಾಪಸ್ ಕರೆಸಬಹುದು. ಆದರೆ ಮಾಲೀಕರ ದೂರಿನ ಮೇಲೆ ಅದು ಆಗಬೇಕಾದರೆ ಬಹಳ ಜನರ ದೂರು ಸೇರಬೇಕು. ನನ್ನೊಬ್ಬನ ಬ್ರೇಕ್ ಅಲ್ಲಿಯವರೆಗೆ ಕಾಯುವಂತಿರಲಿಲ್ಲ.

ಹಾಗಾಗಿ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಆಯೋಗಕ್ಕೆ ಹೋದೆ. ನಾವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು, ಗಡುವು ಎರಡು ವರ್ಷ, ವಕೀಲರು ಕಡ್ಡಾಯವಲ್ಲ. ಎಂಟು ಲಕ್ಷದ ಕಾರಿಗೆ ಶುಲ್ಕ 200 ರೂಪಾಯಿ. ಡೀಲರ್, ತಯಾರಕ ಇಬ್ಬರನ್ನೂ ಎದುರುದಾರರನ್ನಾಗಿ ಮಾಡಿದೆ. ಒಬ್ಬರನ್ನು ಬಿಟ್ಟರೆ ಇನ್ನೊಬ್ಬರು ಅವರತ್ತ ಬೆರಳು ತೋರಿಸುತ್ತಾರೆ.

‘ತಯಾರಿಕಾ ದೋಷ ಎನ್ನಲು ಪರಿಣತರ ವರದಿ ಎಲ್ಲಿದೆ?’ ಎಂದರು ಎದುರು ವಕೀಲರು. ಎಷ್ಟೋ ದೂರುಗಳು ಬಿದ್ದುಹೋಗುವುದು ಇಲ್ಲೇ. ಗ್ರಾಹಕ ಕಾಯ್ದೆಯ 38ನೇ ಕಲಂ ಅಡಿ ಕಾರಿನ ತಪಾಸಣೆಗೆ ಅರ್ಜಿ ಕೊಟ್ಟು, ಅದರ ಖರ್ಚನ್ನೂ ನಾನೇ ಕಟ್ಟಿದೆ. ತಪಾಸಣೆಗೆ ಬಂದ ಪರಿಣತರು ಎಂಜಿನ್ ಆಫ್ ಮಾಡಿ ಪೆಡಲನ್ನು ಐದಾರು ಸಲ ಒತ್ತಿದರು, ಒತ್ತಿಹಿಡಿದೇ ಸ್ಟಾರ್ಟ್ ಮಾಡಿದರು. ಕಾಲಿನ ಒತ್ತಡಕ್ಕೆ ಬಲ ಕೂಡಿಸುವ ಬ್ರೇಕ್ ಬೂಸ್ಟರ್ ಸರಿಯಿದ್ದರೆ ಪೆಡಲ್ ಒಂದು ಚೂರು ಕೆಳಗಿಳಿಯಬೇಕು. ಆ ಹೊತ್ತಿಗೆ ರೋಗ ಬಲಿತಿತ್ತು, ಪೆಡಲ್ ಅಲ್ಲಾಡಲಿಲ್ಲ.

ವರದಿ ಸಲ್ಲಿಕೆಯಾದ ಮೇಲೆ ರಾಜಿಯ ಮಾತು ಬಂತು. ನನಗೆ ದುಡ್ಡು ವಾಪಸ್ ಬೇಕಿತ್ತು. ಆದರೆ ಬಿಡಿಭಾಗ ಬದಲಿಸಿದರೆ ಸರಿಹೋಗುವ ದೋಷಕ್ಕೆ ಇಡೀ ಕಾರು ಬದಲಿಸಿಕೊಡಿ ಎನ್ನಲಾಗದು ಎಂದು ಸುಪ್ರೀಂ ಕೋರ್ಟ್ 2006ರಲ್ಲೇ ಹೇಳಿದೆ. ಹೊಸ ಬೂಸ್ಟರ್, ಓಡಾಟದ ಖರ್ಚು, ಹೆಚ್ಚುವರಿ ವಾರಂಟಿಗೆ ಒಪ್ಪಿಕೊಂಡೆ.

ಬದಲಿಸಿದ ದಿನದ ಜಾಬ್ ಕಾರ್ಡ್‌ನಲ್ಲಿ ‘ಬೂಸ್ಟರ್ ಬದಲಿಸಲಾಗಿದೆ’ ಎಂದಷ್ಟೇ ಇತ್ತು. ಏಕೆ ಎಂಬುದನ್ನೂ ಬರೆಸಿಯೇ ಕೀ ತೆಗೆದುಕೊಂಡೆ.